ಚಿಕ್ಕವನ ಕೆಂಪು

ದೀಪದ ಪೆಟ್ಟಿಗೆ ಮನೆಗೆ ಬಂದದ್ದು ನನ್ನ ಗಂಡ ತೀರಿಹೋದ ವಾರದಲ್ಲಿ. ತರಿಸಿದವನು ಅವನೇ. ಲಾರಿಯವರು ಅದನ್ನು ನಡುಮನೆಯಲ್ಲೇ ಇಳಿಸಿ, ಯಾರ ಸಹಿಯಾದರೂ ಆದೀತು ಎಂದು ನನ್ನಿಂದಲೇ ಸಹಿ ಹಾಕಿಸಿಕೊಂಡು ಹೋದರು. ಮನೆ ತುಂಬ ಮಾತನಾಡಿಸಲು ಬಂದವರು. ಕುರ್ಚಿ ಸಾಲದೆ ಇಬ್ಬರು ಆ ಮರದ ಪೆಟ್ಟಿಗೆಯ ಮೇಲೆಯೇ ಕುಳಿತರು. ಅವರಲ್ಲೊಬ್ಬರು, ನನ್ನ ಗಂಡನ ಸೋದರಮಾವ, ಕಣ್ಣೊರೆಸಿಕೊಳ್ಳುತ್ತಲೇ ಬಗ್ಗಿ ತಮ್ಮ ಕಾಲಿನ ನಡುವೆ ಕಾಣುತ್ತಿದ್ದ ಬರಹವನ್ನು ಓದಿದರು.

"ಒಡೆಯೋ ಸಾಮಾನು ಅಂತ ಬರೆದಿದೆಯಲ್ಲಮ್ಮ. ಏನಿದು?"

"ದೀಪ."

"ಇಷ್ಟು ದೊಡ್ಡದಾ? ಎಷ್ಟು ಬೆಳಕು ಬರುತ್ತೆ?"

"ಸೂರ್ಯನಷ್ಟು."

ಅವರು ಪಕ್ಕದವರ ಮುಖ ನೋಡಿದರು. ಪಾಪ, ತಲೆ ನೆಟ್ಟಗಿಲ್ಲ ಎಂಬ ನೋಟ. ಆದರೆ ನಾನು ಹೇಳಿದ್ದು ನಿಜ. ಬಟ್ಟೆಯ ಬಣ್ಣ ಬಿಸಿಲಿಗೆ ಎಷ್ಟು ಕಾಲ ನಿಲ್ಲುತ್ತದೆ ಎಂದು ಹೇಳುವ ಯಂತ್ರ ಅದು. ಕಿಟಕಿಯ ಪಕ್ಕ ವರ್ಷಗಟ್ಟಲೆ ಬೀಳುವ ಬಿಸಿಲನ್ನು ಕೆಲವು ವಾರಗಳಿಗೆ ಹಿಂಡಿ ಕೊಡುತ್ತದೆ.

ನನ್ನ ಗಂಡ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲ ಬಾಗಿಲಿಗೆ ಒರಗಿದ. ಒರಗಿದ ಹಾಗೆಯೇ ಕೆಳಗೆ ಜಾರಿದ. ತಲೆಯೊಳಗೆ ರಕ್ತನಾಳ ಒಡೆದಿತ್ತೆಂದು ವೈದ್ಯರು ಹೇಳಿದರು. ಅದರ ಬಗ್ಗೆ ನನಗೆ ಬರೆಯಲು ಇರುವುದು ಇಷ್ಟೇ.

ಅವನ ಮನೆಯವರು ಮೂರು ತಲೆಮಾರಿನಿಂದ ಅಸ್ತರಿನ ಬಟ್ಟೆಗೆ ಬಣ್ಣ ಹಾಕುವವರು. ಕೋಟಿನ ಒಳಗೆ, ಕೈಚೀಲದ ಒಳಗೆ, ಟೋಪಿಯ ಒಳಗೆ ಹೊಲಿಯುವ ನುಣುಪು ಬಟ್ಟೆ. "ನಮ್ಮ ಬಟ್ಟೆ ಎಲ್ಲರ ಮೈಗೂ ಹತ್ತಿರ, ಯಾರ ಕಣ್ಣಿಗೂ ಇಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಹೆಮ್ಮೆಯ ಮಾತು ಎಂದುಕೊಂಡಿದ್ದೆ. ಅದು ದೂರು ಎಂದು ತಿಳಿಯಲು ಸ್ವಲ್ಪ ಕಾಲ ಬೇಕಾಯಿತು. ಹೊರಬಟ್ಟೆ ಮಾಡುವ ಗಿರಣಿಯವರು ದಾರಿಯಲ್ಲಿ ಎದುರಾದರೆ ಮಾವ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರಂತೆ. ಮಾವ ಈಗಿಲ್ಲ. ಸರಿದು ನಿಲ್ಲುವ ಅಭ್ಯಾಸ ಮನೆಯಲ್ಲಿ ಉಳಿದಿತ್ತು.

ಸರಿಯದೆ ನಿಂತ ಮೊದಲಿಗ ನನ್ನ ಗಂಡ. ಮನೆಯಲ್ಲಿ ಅವನನ್ನು ಎಲ್ಲರೂ ಚಿಕ್ಕವನೆಂದು ಕರೆಯುತ್ತಿದ್ದರು. ಅವನು ಒಂದು ಕೆಂಪು ಮಾಡಿದ. ಮೂರು ಬಣ್ಣಗಳ ಮಿಶ್ರಣ. ಎರಡು ಎಲ್ಲರೂ ಬಳಸುವವು. ಮೂರನೆಯದು ಒಂದು ಗುಲಾಬಿ, ಚಿಟಿಕೆಯಷ್ಟು. ಆ ಚಿಟಿಕೆ ಬಿದ್ದ ಮೇಲೆ ಬಟ್ಟೆ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಮಡಿಕೆ ಬಿದ್ದ ಕಡೆ ಕಪ್ಪಿಗೆ ತಿರುಗಿ, ಉಬ್ಬಿದ ಕಡೆ ಊದಿದ ಕೆಂಡದ ಹಾಗೆ. ಕೋಟಿನ ಅಸ್ತರಿಗೆಂದೇ ಅದನ್ನು ಮಾಡಿದ್ದ. ನದಿಗೆ ಮುಖಮಾಡಿ ಹೊಸ ಹೋಟೆಲು ಕಟ್ಟಿಸುತ್ತಿದ್ದ ಒಬ್ಬ ಹೆಂಗಸು ತನ್ನ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಾಗ ಒಳಗಿನ ಬಣ್ಣ ನೋಡಿ, ದರ್ಜಿಯನ್ನು ವಿಚಾರಿಸಿ, ನಮ್ಮ ಬೀದಿಯನ್ನು ಹುಡುಕಿಕೊಂಡು ಬಂದಳು. ಊಟದ ಹಜಾರದ ಎತ್ತರದ ಕಿಟಕಿಗಳಿಗೆಲ್ಲ ಇದೇ ಬಣ್ಣದ ಪರದೆ ಬೇಕೆಂದಳು. ಬೆಳಕಿನ ಪರೀಕ್ಷೆಯ ವರದಿ ಕೊಡಬೇಕೆಂದಳು.

"ಕಿಟಕಿಗಾ?" ಎಂದು ಅತ್ತೆ ಎರಡು ಸಲ ಕೇಳಿದರು. "ಎಲ್ಲರಿಗೂ ಕಾಣೋ ಹಾಗಾ?"

ಆ ರಾತ್ರಿಯ ಊಟಕ್ಕೆ ಅವರು ಚಿಕ್ಕ ಮಗನ ಪಕ್ಕದಲ್ಲೇ ಕುಳಿತರು. ದೊಡ್ಡ ಮಗ, ನನ್ನ ಭಾವ, ಎದುರಿಗೆ ಕುಳಿತಿದ್ದರು. "ದೀಪ ಬರಲಿ, ಆಮೇಲೆ ನೀನುಂಟು ಅದುಂಟು" ಎಂದು ಚಿಕ್ಕವನು ನನಗೆ ಹೇಳಿದ. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಬಣ್ಣಗಳ ರಸಾಯನವನ್ನೇ. ನನ್ನನ್ನು ಆ ಮನೆಗೆ ತಂದುಕೊಳ್ಳುವಾಗ ಅದೂ ಲೆಕ್ಕಕ್ಕೆ ಬಂದಿತ್ತು.

ತಿಂಗಳು ಕಳೆದ ಮೇಲೆ ನಾನೇ ಪೆಟ್ಟಿಗೆಯನ್ನು ಬಿಚ್ಚಿಸಿ, ಬಣ್ಣದ ಶೆಡ್ಡಿನ ಹಿಂದಿನ ಕೋಣೆಯಲ್ಲಿ ದೀಪವನ್ನು ನಿಲ್ಲಿಸಿದೆ. ಕೆಲಸ ಮಾಡಲು ಯಾರೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆ ಕೋಣೆಯಲ್ಲಿ ಯಾರೂ ನನ್ನನ್ನು ನೋಡಿ ದನಿ ತಗ್ಗಿಸುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು.

ಪರೀಕ್ಷೆ ಸರಳ. ಬಟ್ಟೆಯ ಒಂದು ಪಟ್ಟಿ. ಅದರ ಅರ್ಧಕ್ಕೆ ದಪ್ಪ ರಟ್ಟು ಕಟ್ಟಿ ಮುಚ್ಚಬೇಕು, ಅರ್ಧ ದೀಪಕ್ಕೆ ಬಿಡಬೇಕು. ಪಕ್ಕದಲ್ಲಿ ಎಂಟು ನೀಲಿ ಪಟ್ಟಿಗಳು, ಅವೂ ಅರ್ಧ ಮುಚ್ಚಿದವು. ಒಂದನೆಯ ನೀಲಿ ಎಲ್ಲಕ್ಕಿಂತ ಮೊದಲು ಮಾಸುತ್ತದೆ, ಎಂಟನೆಯದು ಎಲ್ಲಕ್ಕಿಂತ ಕೊನೆಗೆ. ನಮ್ಮ ಬಟ್ಟೆ ಯಾವ ನೀಲಿಯ ಜೊತೆ ಮಾಸುತ್ತದೆಯೋ ಅದೇ ಅದರ ದರ್ಜೆ. ಪರದೆಗೆ ಕಡಿಮೆಯೆಂದರೂ ಆರು ಬೇಕು. ದೀಪದ ಕೆಳಗಿನ ಅರ್ಧವನ್ನೇ ದಿನವೂ ನೋಡುತ್ತಿದ್ದರೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ರಟ್ಟು ತೆಗೆದು ಎರಡನ್ನೂ ಒಟ್ಟಿಗೆ ನೋಡಿದಾಗಲೇ ಗೊತ್ತಾಗುವುದು.

ನಾನು ರಟ್ಟು ತೆಗೆದೆ. ಮುಚ್ಚಿದ ಅರ್ಧ ಕೆಂಡ. ತೆರೆದ ಅರ್ಧ ಹಳೆಯ ಇಟ್ಟಿಗೆ. ಮೂರನೆಯ ನೀಲಿ ಇನ್ನೂ ಮಾಸಿರಲಿಲ್ಲ, ಚಿಕ್ಕವನ ಕೆಂಪು ಎರಡನೆಯದರ ಜೊತೆಗೇ ಮಾಸಿತ್ತು.

ಹೋದದ್ದು ಆ ಗುಲಾಬಿ ಮಾತ್ರ. ಉಳಿದ ಎರಡು ಬಣ್ಣಗಳು ನಿಯತ್ತಾಗಿ ಕೂತಿದ್ದವು.

ಬಣ್ಣದ ತೊಟ್ಟಿಗಳನ್ನು ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಕೆಂಗೈ ಎನ್ನುತ್ತಾರೆ. ಮೊಣಕೈವರೆಗೆ ಅವನ ಚರ್ಮ ಯಾವ ಸಾಬೂನಿಗೂ ಬಗ್ಗದ ಕೆಂಪು. ಅವನನ್ನು ಕರೆದು ಕೇಳಿದೆ.

"ಇವರು ಈ ಕೆಂಪನ್ನ ಹೇಗೆ ಪರೀಕ್ಷೆ ಮಾಡ್ತಿದ್ರು?"

"ನಾವು ಯಾವಾಗಲೂ ಮಾಡೋ ಹಾಗೇ. ಕುದಿಯೋ ನೀರಲ್ಲಿ ತೊಳೀತಿದ್ವಿ. ಬಿಳಿ ಬಟ್ಟೆಗೆ ತಿಕ್ತಿದ್ವಿ. ಬೆವರಿನ ನೀರಲ್ಲಿ ನೆನೆಸ್ತಿದ್ವಿ. ಒಂದು ಹನಿ ಬಿಡಲಿಲ್ಲ ತಾಯಿ, ಕಲ್ಲಿನ ಹಾಗೆ ನಿಂತಿತ್ತು."

"ಬೆಳಕಿಗೆ?"

ಅವನು ನನ್ನನ್ನು ಮಗುವನ್ನು ನೋಡುವಂತೆ ನೋಡಿದ. "ಕೋಟಿನ ಒಳಗೆ ಯಾವ ಬೆಳಕು ತಾಯಿ?"

ಅಷ್ಟೇ. ಮೂರು ತಲೆಮಾರು ಬೆವರಿಗೆ ಹೆದರಿದವರು, ನೀರಿಗೆ ಹೆದರಿದವರು, ಉಜ್ಜುವಿಕೆಗೆ ಹೆದರಿದವರು. ಸೂರ್ಯನಿಗೆ ಹೆದರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊರಬಟ್ಟೆಯ ಗಿರಣಿಯಲ್ಲಿ ಗುಡಿಸುವವನಿಗೂ ಗೊತ್ತಿರುವ ಸಂಗತಿ ಅದು.

ಹೋಟೆಲಿನವರ ವರದಿಯ ನಮೂನೆಯಲ್ಲಿ ಒಂದು ಷರತ್ತು ಇತ್ತು. ದರ್ಜೆ ಮೂರಕ್ಕಿಂತ ಕೆಳಗಿದ್ದರೆ ಸಂಖ್ಯೆಯ ಮುಂದೆ ಪದವನ್ನೂ ಬರೆಯಬೇಕು. ಆ ಪದ ಫ್ಯೂಜಿಟಿವ್.

ಅದನ್ನು ನಮಗೆ ಕಲಿಸಿದ ಮೇಷ್ಟ್ರು ಪದಗಳ ಹುಚ್ಚಿನವರು. ಬದಲಾವಣೆಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಗುಣವಾಚಕಗಳಿವೆ ಎಂದು ಶುರುಮಾಡುತ್ತಿದ್ದರು. ಬದಲಾಗಬಹುದಾದದ್ದು ಎನ್ನಲು ಒಂದು, ಬದಲಾಗುತ್ತಲೇ ಇರುವಂಥದ್ದಕ್ಕೆ ಒಂದು, ಗಳಿಗೆಗೊಂದು ಬುದ್ಧಿಯವರಿಗೆ ಒಂದು. ನಮ್ಮ ಕಸುಬಿಗೆ ಸಿಕ್ಕಿದ್ದು ಕಳ್ಳನ ಪದ, ಎಂದು ನಗುತ್ತಿದ್ದರು. ಲ್ಯಾಟಿನ್ನಿನಲ್ಲಿ ಓಡಿಹೋಗು ಎಂಬ ಕ್ರಿಯಾಪದ. ಅದರಿಂದ, ಒಡೆಯನನ್ನು ಬಿಟ್ಟು ಓಡಿಹೋದ ಗುಲಾಮನಿಗೆ ಆ ಹೆಸರು. ಫ್ರೆಂಚಿನ ಹೊಸ್ತಿಲು ದಾಟಿ ಇಂಗ್ಲಿಷಿಗೆ ಬಂದಿತು. ಕಾನೂನಿಗೆ ತಲೆಮರೆಸಿಕೊಂಡವನಿಗೆ ಅಂಟಿತು. ಹಿಡಿದಿಡಲಾಗದ ಯೋಚನೆಗೆ, ಒಂದು ಗಳಿಗೆ ಬಂದು ಹೋಗುವ ನಗುವಿಗೆ ಅಂಟಿತು. ಚಿತ್ರ ಬರೆಯುವವರು, ಬಟ್ಟೆಗೆ ಬಣ್ಣ ಹಾಕುವವರು ನಿಲ್ಲದ ಬಣ್ಣಕ್ಕೆ ಅದನ್ನು ಬಳಸಿದರು. ಊರು ಬಿಟ್ಟು ಓಡಿಬಂದವರನ್ನು ಕರೆಯುವ ರೆಫ್ಯೂಜಿ ಎಂಬ ಪದವೂ, ಅವರು ಹುಡುಕುವ ಆಸರೆಯ ರೆಫ್ಯೂಜ್ ಎಂಬ ಪದವೂ ಅದೇ ಬೇರಿನವು. ಮೇಷ್ಟ್ರು ಇಷ್ಟು ಹೇಳಿ, "ನೆನಪಿಡಿ, ಮಾಸಿದ ಬಣ್ಣಕ್ಕೆ ಈ ಪದ ಅಲ್ಲ. ಹೊಸ ಬಟ್ಟೆಯ ಮೇಲೆ ಜಗಜಗಿಸುತ್ತಾ ಕೂತಿರುವಾಗಲೇ ಈ ಪದ. ಅದು ಇನ್ನೂ ಹೋಗಿಲ್ಲ. ಹೋಗುವಂಥದ್ದು" ಎನ್ನುತ್ತಿದ್ದರು.

ತರಗತಿಯಲ್ಲಿ ನಾವು ಬರೆದುಕೊಂಡೆವು. ಕಿಟಕಿಯಾಚೆ ನೋಡಿದೆವು.

ಕನ್ನಡದಲ್ಲಿ ನಾವು ಬಟ್ಟೆ ಬಣ್ಣ ಬಿಟ್ಟಿತು ಎನ್ನುತ್ತೇವೆ. ತಪ್ಪು ಬಟ್ಟೆಯದು, ಅದು ಹಿಡಿದುಕೊಳ್ಳಬೇಕಾಗಿತ್ತು. ಇಂಗ್ಲಿಷಿನಲ್ಲಿ ತಪ್ಪು ಬಣ್ಣದ್ದು, ಅದೇ ಓಡಿತು. ನನ್ನನ್ನು ಮಾತನಾಡಿಸಲು ಬಂದವರೆಲ್ಲ ಗಂಡನನ್ನು ಕಳೆದುಕೊಂಡಳು ಎಂದರು. ಕೊಡೆಯನ್ನೋ ಬೀಗದ ಕೈಯನ್ನೋ ಕಳೆದುಕೊಂಡವಳ ಹಾಗೆ. ಯಾರೂ ಅವನು ಹೋದ ಎಂದು ಅವನ ಮೇಲೆ ಹಾಕಲಿಲ್ಲ.

ಸಂಗತಿಯನ್ನು ಭಾವನಿಗೆ ಹೇಳಿದ್ದು ಬೆಳಗಿನ ಚಹಾದ ಹೊತ್ತಿನಲ್ಲಿ, ಅತ್ತೆ ಇನ್ನೂ ಎದ್ದಿರಲಿಲ್ಲ. ಅವರು ಫೋನಿನಲ್ಲಿ ಆ ಪದದ ಅರ್ಥ ಹುಡುಕಿದರು. ಓದಿದರು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಪರಾರಿ ಆದವನು ಅಂತಿದೆ."

"ಬಣ್ಣಕ್ಕೆ ಬಳಸಿದಾಗ ಹಾಗಲ್ಲ, ಭಾವ. ಅದು ಕಸುಬಿನ ಪದ."

"ಕಸುಬಿನ ಪದ ಸರಿ. ಓದೋರು ಯಾರು? ಆ ಹೋಟೆಲಿನವಳು. ಅವಳು ಏನಂದ್ಕೋತಾಳೆ? ನೀನು ಅಷ್ಟು ಓದಿದೀಯ, ಇದಕ್ಕಿಂತ ಒಂದು ಮೆತ್ತಗಿನ ಪದ ಸಿಗಲ್ವಾ? ಸ್ವಲ್ಪ ಬದಲಾಗಬಹುದು ಅನ್ನೋ ಹಾಗೆ. ನಾಜೂಕು ಅನ್ನೋ ಹಾಗೆ."

"ಆ ನಮೂನೆಯಲ್ಲಿ ಅದೊಂದೇ ಪದ ಇರೋದು."

"ಕಾಲ ಕಳೆದ ಹಾಗೆ ಸೌಮ್ಯವಾಗುತ್ತೆ ಅಂತ ಬರಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಭಾವನ ಹೆಂಡತಿ, ನಾನು ಅಕ್ಕ ಎನ್ನುವವರು, ಒಲೆಯ ಕಡೆಯಿಂದಲೇ ಹೇಳಿದರು: "ನಿಮ್ಮನ್ನೇ ನೋಡಿ ಬರೀಬಹುದು. ಕಾಲ ಕಳೆದ ಹಾಗೆ ಸೌಮ್ಯ ಆಗಿದ್ದೀರಲ್ಲ, ಹೊಟ್ಟೆ ಒಂದು ಬಿಟ್ಟು."

"ನೀನು ಸುಮ್ನಿರು. ಹಾಗಾದ್ರೆ ಹೋಗದೇ ಇರೋ ಬಣ್ಣಕ್ಕೆ ಏನಂತಾರೆ?"

"ಫಾಸ್ಟ್," ಎಂದೆ.

"ಬೇಗ ಓಡೋದಕ್ಕೂ ಫಾಸ್ಟೇ ಅಲ್ವಾ? ಎಂಥ ಭಾಷೆನೋ. ಓಡೋದೂ ಅದೇ, ನಿಲ್ಲೋದೂ ಅದೇ, ಅದನ್ನ ನಂಬ್ಕೊಂಡು ನೀನು ನಮ್ಮ ಮನೆ ಮರ್ಯಾದೆ ತೆಗೀತೀಯ."

ಅಕ್ಕ ನಕ್ಕರು. ಭಾವ ನಗಲಿಲ್ಲ. ತಟ್ಟೆಯಲ್ಲಿ ಬಿದ್ದಿದ್ದ ಚಹಾವನ್ನು ಲೋಟಕ್ಕೆ ಸುರಿದುಕೊಂಡು, "ಅಮ್ಮನಿಗೆ ನೀನೇ ಹೇಳು" ಎಂದರು. "ನನ್ನ ಕೈಲಿ ಆಗಲ್ಲ."

ಆ ಮಾತಿನ ಭಾರ ನನಗೆ ಗೊತ್ತಿತ್ತು. ಮಗ ಹೋದ ಮೇಲೆ ಅತ್ತೆ ಕೇಳಿದ್ದು ಒಂದೇ. "ಅವನ ಕೆಂಪು ಆ ಕಿಟಕಿಗಳಲ್ಲಿ ತೂಗಬೇಕು, ನಾನು ಒಂದು ಸಲ ನೋಡಬೇಕು." ಬೇರೆಯದಕ್ಕೆಲ್ಲ ಅವರು ಹೂಂ, ಉಹೂಂ ಎನ್ನುತ್ತಿದ್ದರು. ಇದನ್ನು ಮಾತ್ರ ಪೂರ್ತಿ ವಾಕ್ಯದಲ್ಲಿ ಹೇಳುತ್ತಿದ್ದರು. ಸಹಿ ಹಾಕಬೇಕಾದವಳು ನಾನು. ಆರು ಎಂದು ಬರೆದರೆ ಕೆಂಪು ಕಿಟಕಿಗೆ ಹೋಗುತ್ತದೆ, ವರ್ಷ ತುಂಬುವುದರೊಳಗೆ ಊಟಕ್ಕೆ ಬಂದವರ ಕಣ್ಣೆದುರಿಗೇ ಇಟ್ಟಿಗೆಯಾಗುತ್ತದೆ. ಎರಡು ಎಂದು ಬರೆದರೆ ಇವತ್ತೇ ಮುಗಿಯುತ್ತದೆ.

ತಕ್ಷಣ ಬರೆಯಲಿಲ್ಲ. ನನಗೂ ಆ ಕೆಂಪು ನಿಲ್ಲುವುದು ಬೇಕಾಗಿತ್ತು. ಮಿಶ್ರಣದ ನಂತರ ಬಟ್ಟೆಯನ್ನು ಬೇರೆ ಬೇರೆ ಲವಣಗಳಲ್ಲಿ ಅದ್ದಿದೆ. ಬಿಸಿ ಏರಿಸಿದೆ, ಇಳಿಸಿದೆ. ಬೆಳಕನ್ನು ತಡೆಯುವ ಲೇಪ ಹಾಕಿದೆ. ಮೇಷ್ಟ್ರಿಗೆ ಫೋನು ಮಾಡಿದೆ. ಅವರಿಗೆ ವಯಸ್ಸಾಗಿತ್ತು, ನನ್ನ ನೆನಪಿರಲಿಲ್ಲ, ಆದರೆ ಗುಲಾಬಿಯ ಹೆಸರು ಹೇಳುತ್ತಲೇ "ಅಯ್ಯೋ, ಅದಾ?" ಎಂದರು. "ಚೆಲುವೆ. ನಿಲ್ಲೋಳಲ್ಲ." ಪ್ರತಿ ಸಲವೂ ರಟ್ಟು ತೆಗೆದಾಗ ಅದೇ. ಲೇಪ ಹಾಕಿದ್ದು ಸ್ವಲ್ಪ ತಡವಾಗಿ ಇಟ್ಟಿಗೆಯಾಯಿತು. ಅಷ್ಟೇ ವ್ಯತ್ಯಾಸ.

ಒಂದು ಮಧ್ಯಾಹ್ನ ಅತ್ತೆಯೇ ಕೋಣೆಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಬಣ್ಣ ಓಡಿಹೋಗುತ್ತದೆ ಎಂದು ಅಕ್ಕ ಹೇಳಿರಬೇಕು. ಮೇಜಿನ ಮೇಲೆ ಸಾಲಾಗಿದ್ದ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಇವನ್ನೆಲ್ಲ ಹಾಳು ಮಾಡಿದ್ದು ನೀನಾ?"

"ದೀಪದಲ್ಲಿ ಇಟ್ಟಿದ್ದೆ, ಅತ್ತೆ."

"ಎಷ್ಟು ಬೆಳಕದು?"

ಗಾಜಿನ ಕಿಂಡಿಯಲ್ಲಿ ತೋರಿಸಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಇಂಥ ಬೆಳಕಿಗೆ ಹಾಕಿದ್ರೆ ಯಾರು ಉಳೀತಾರೆ? ನಿನ್ನನ್ನ ಹಾಕಿದ್ರೆ ನೀನು ಉಳೀತೀಯಾ?"

"ಇಲ್ಲ."

"ಮತ್ತೆ? ಯಾರ ಮನೆ ಕಿಟಕಿಯಲ್ಲಿ ಇಷ್ಟು ಬಿಸಿಲು ಬೀಳುತ್ತೆ ಹೇಳು."

"ದಿನಾ ಸ್ವಲ್ಪ ಸ್ವಲ್ಪ ಬೀಳುತ್ತೆ ಅತ್ತೆ. ಕೂಡಿಸಿದ್ರೆ ಇಷ್ಟಾಗುತ್ತೆ."

ಅವರು ಪಟ್ಟಿಯ ಮುಚ್ಚಿದ ಅರ್ಧವನ್ನು ಹೆಬ್ಬೆರಳಿನಿಂದ ಸವರಿದರು. ತೆರೆದ ಅರ್ಧದ ಕಡೆ ಬೆರಳು ಹೋಗಲಿಲ್ಲ.

"ಅವನು ಏನು ಮಾಡಿದ್ರೂ ನಿಲ್ಲಲ್ಲ ಅಂತ ಹೇಳೋಕೇ ಓದ್ಕೊಂಡು ಬಂದ್ಯಾ ನೀನು? ಬೇರೆ ಹೆಂಡ್ತೀರು ಗಂಡ ಮಾಡಿದ್ದನ್ನ ಕಣ್ಣಿಗೊತ್ಕೋತಾರೆ. ಇವಳು ದೀಪ ಹಿಡಿದು ಹುಳುಕು ಹುಡುಕ್ತಾಳೆ. ಅವನು ತರಿಸಿದ ದೀಪ, ಅವನ ಕಣ್ಣಿಗೇ ಮಣ್ಣು." ಬಾಗಿಲ ಹತ್ತಿರ ನಿಂತು, ತಿರುಗದೆ, "ಒಂದು ಸಲ ಅಳಲಿಲ್ಲ ನೀನು. ನಾನು ನೋಡ್ತಾನೇ ಇದ್ದೀನಿ" ಎಂದರು.

ಅಳದಿರುವುದಕ್ಕೆ ಕಾರಣ ಇರಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಮರುದಿನ ವರದಿ ಬರೆದೆ. ಎರಡು ಎಂದು ಬರೆದು, ಅದರ ಮುಂದೆ ಪದ ಬರೆದೆ. ಅವನಿದ್ದಿದ್ದರೂ ಅದನ್ನೇ ಬರೆಯುತ್ತಿದ್ದೆ. ಅವನು ಒಂದು ದಿನ ಮುಖ ಊದಿಸಿಕೊಂಡು, ಮರುದಿನ ಗುಲಾಬಿಯನ್ನು ಬಿಟ್ಟು ಬೇರೆ ಏನನ್ನೋ ಹುಡುಕಲು ಹೊರಡುತ್ತಿದ್ದ. ಇದ್ದವರ ಕೆಲಸಕ್ಕೆ ತಪ್ಪು ಹೇಳಬಹುದು, ಅವರು ತಿದ್ದಿಕೊಳ್ಳುತ್ತಾರೆ. ಸತ್ತವರ ಕೆಲಸ ಸರಿಯಾಗಿಯೇ ಇರಬೇಕು.

ವರದಿಯನ್ನು ಭಾವ ಹೋಟೆಲಿನವಳಿಗೆ ತಲುಪಿಸಲಿಲ್ಲ. ನಾನು ಜಗಳಕ್ಕೆ ಸಿದ್ಧಳಾಗಿ ಕುಳಿತಿದ್ದೆ. ಅವರು ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಮಾತನಾಡಿದರು.

"ನೀನು ಹೇಳಿದ್ದು ಸರಿ. ನಾನು ಬೇರೆ ಕಡೆಯೂ ವಿಚಾರಿಸಿದೆ. ಆ ಬಣ್ಣ ಕಿಟಕಿಗೆ ಬೇಡ."

"ಹೋಟೆಲಿನವರಿಗೆ ಹೇಳ್ತೀರಾ?"

"ಏನಂತ? ಅವಳಿಗೆ ಬೇಕಾಗಿರೋದು ಒಂದು ಕೆಂಪು. ನಿಲ್ಲೋ ಕೆಂಪು ಪೇಟೇಲಿ ಡಬ್ಬಿ ಡಬ್ಬಿ ಸಿಗುತ್ತೆ. ತಂದು ಹಾಕೋಣ. ಚಿಕ್ಕವನ ಕೆಂಪಿಗೆ ಹೊಂದೋ ಹಾಗೆ ನೀನು ಹೊಂದಿಸಿ ಕೊಡು. ನಿನ್ನ ಕಣ್ಣು ಚೆನ್ನಾಗಿದೆ ಅಂತ ಅವನೇ ಹೇಳ್ತಿದ್ದ. ನಿನ್ನ ದೀಪಕ್ಕೆ ಹಾಕು, ಪಾಸಾದ್ರೆ ಧೈರ್ಯವಾಗಿ ಬರಿ. ಸುಳ್ಳು ಎಲ್ಲಿ ಬಂತು?"

"ಹೆಸರು?"

"ಹೆಸರು ಅದೇ. ಚಿಕ್ಕವನ ಕೆಂಪು. ಹೆಸರಿಗೆ ಬಿಸಿಲು ತಾಗುತ್ತಾ?"

"ಅತ್ತೆಗೆ?"

"ಅಮ್ಮನಿಗೆ ಯಾಕೆ ಹೇಳ್ಬೇಕು? ಅವಳಿಗೆ ಅವನು ಕಿಟಕೀಲಿ ಕಾಣಬೇಕು. ಕಾಣ್ತಾನೆ. ನೀನೇನು ಅವಳಿಂದ ಅದನ್ನೂ ಕಿತ್ಕೋತೀಯಾ?" ಬಾಗಿಲ ಚಿಲಕದ ಮೇಲೆ ಕೈಯಿಟ್ಟು, "ಅವನು ಕಲಸಿಟ್ಟ ಹಳೇ ಮಿಶ್ರಣ ಇನ್ನೂ ಎರಡು ಪೀಪಾಯಿ ಇದೆ. ಅದನ್ನ ಕೋಟಿನ ಅಸ್ತರಿಗೆ ಹಾಕಿ ಮುಗಿಸ್ತೀನಿ, ಹೆಸರಿಲ್ಲದೆ, ಬರೀ ನಂಬರು ಕೊಟ್ಟು" ಎಂದರು.

ಹೋಗುವಾಗ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋದರು.

ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ವರದಿಯಲ್ಲಿ ಸುಳ್ಳಿರುವುದಿಲ್ಲ ಎಂಬುದು ನಿಜ. ಮುದುಕಿಗೆ ಅದೊಂದು ಬೇಕಾಗಿತ್ತು ಎಂಬುದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಇಂಥದ್ದೊಂದು ಹುಟ್ಟುತ್ತದೆ ಎಂದು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಕೊಂಡು ತಂದ ಕೆಂಪು ದೃಢವಾಗಿತ್ತು, ಮಂಕಾಗಿತ್ತು. ಅದಕ್ಕೆ ಸ್ವಲ್ಪ ಕಿತ್ತಳೆ ಸೇರಿಸಿದೆ, ಸ್ವಲ್ಪ ನೇರಳೆ. ಕಿಟಕಿಯ ಬಳಿ ಚಿಕ್ಕವನ ಪಟ್ಟಿಯ ಪಕ್ಕ ಹಿಡಿದೆ. ಮತ್ತೆ ಸೇರಿಸಿದೆ. ಹೊಂದಿಸುವ ಕೆಲಸದಲ್ಲಿ ಕಣ್ಣಿಗೆ ದಣಿವಾದರೆ ಬೂದು ಗೋಡೆಯನ್ನು ನೋಡಬೇಕು. ನಾನು ಗೋಡೆಯನ್ನು ನೋಡಿದೆ, ಕೆಂಪನ್ನು ನೋಡಿದೆ, ಗೋಡೆಯನ್ನು ನೋಡಿದೆ. ಅವನ ಮೈಯ ಉದ್ದಗಲ, ನಡೆಯುವಾಗ ಎಡಕ್ಕೆ ವಾಲುವ ರೀತಿ, ಎಲ್ಲ ನೆನಪಿಟ್ಟುಕೊಂಡು ಬೇರೊಬ್ಬನಿಗೆ ಅವನ ಅಂಗಿ ತೊಡಿಸುತ್ತಿದ್ದ ಹಾಗಿತ್ತು. ಕೆಲಸ ಚೆನ್ನಾಗಿ ಆಗುತ್ತಿತ್ತು. ಅದು ನನಗೆ ಹಿಡಿಸಿತು ಎಂಬುದನ್ನೂ ಬರೆಯಬೇಕು. ಎಷ್ಟೋ ದಿನದ ಮೇಲೆ ಹಸಿವಾಯಿತು.

ಕೊನೆಗೆ ಎರಡೂ ಪಟ್ಟಿಗಳು ದೂರದಿಂದ ಒಂದೇ ಆದವು. ಹತ್ತಿರದಿಂದ ಹೊಸದು ಒಳ್ಳೆಯ ಕೆಂಪು ಬಟ್ಟೆ. ಅಷ್ಟೇ. ಒಳಗೆ ಯಾರೂ ಇರಲಿಲ್ಲ.

ದೀಪದಲ್ಲಿ ಅದು ಏಳನೆಯ ನೀಲಿಯವರೆಗೂ ನಿಂತಿತು. ಏಳು ಎಂದು ಬರೆದೆ, ಸಹಿ ಹಾಕಿದೆ. ಏಳಕ್ಕೆ ಪದ ಬರೆಯಬೇಕಾಗಿಲ್ಲ.

ಮೊದಲ ಥಾನು ಬಟ್ಟೆ ತೊಟ್ಟಿಯಿಂದ ಮೇಲೆದ್ದಾಗ ಕೆಂಗೈ ಅದನ್ನು ಹಿಂಡಿ, ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸಿದ. "ಇದು ಅವರಲ್ಲ" ಎಂದ. ಭಾವ ಆಚೆ ತೊಟ್ಟಿಯ ಹತ್ತಿರ ನಿಂತಿದ್ದರು. ಮುದುಕ ಅತ್ತ ನೋಡಿ, ನನ್ನತ್ತ ನೋಡಿ, "ನನ್ನ ಕಣ್ಣಿಗೂ ವಯಸ್ಸಾಯ್ತು ಬಿಡಿ" ಎಂದು ಥಾನನ್ನು ತಂತಿಗೆ ಎಸೆದ.

ಪರದೆಗಳು ಏರಿ ಮುಂದಿನ ಬೇಸಿಗೆಯೂ ಕಳೆದ ಮೇಲೆ ಹೋಟೆಲಿನ ಒಡತಿ ನಮ್ಮನ್ನು ಊಟಕ್ಕೆ ಕರೆದಳು. ಮೊದಲೇ ಹೋಗಲು ಅತ್ತೆ ಒಪ್ಪಿರಲಿಲ್ಲ. "ಬಿಸಿಲು ತಿನ್ನಲಿ, ಆಮೇಲೆ ನೋಡ್ತೀನಿ" ಎಂದಿದ್ದರು. ನನ್ನ ಜೊತೆ ಪಂದ್ಯ ಕಟ್ಟಿದವರ ಹಾಗೆ.

ಹಜಾರ ಉದ್ದಕ್ಕಿತ್ತು. ಬಿಳಿ ಮೇಜುಗಳು, ಒಂದು ಮೂಲೆಯಲ್ಲಿ ತಟ್ಟೆಗಳ ಸದ್ದು. ಕಿಟಕಿಗಳ ಎರಡೂ ಬದಿಗೆ ಕೆಂಪು ಮೇಲಿನಿಂದ ನೆಲದವರೆಗೆ ಇಳಿದಿತ್ತು. ನದಿಯ ಕಡೆಯಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ಅತ್ತೆ ಒಳಗೆ ಬಂದವರು ಅಲ್ಲೇ ನಿಂತರು. ಯಾವಾಗಲಿನ ಹಾಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಲಿಲ್ಲ. ತಟ್ಟೆ ಹಿಡಿದವನು ಅವರನ್ನು ಬಳಸಿಕೊಂಡು ಹೋದ.

ಆಮೇಲೆ ನಡೆದು ಹೋಗಿ ಮೊದಲ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದರು. ಅಂಚನ್ನು ತಿರುಗಿಸಿ ನೋಡಿದರು. ಮಡಿಕೆ ಬಿಡಿಸಿ, ಬಿಸಿಲು ಕಾಣದ ಒಳಗನ್ನೂ ಬಿಸಿಲು ಬಿದ್ದ ಹೊರಗನ್ನೂ ಪಕ್ಕಪಕ್ಕ ಹಿಡಿದರು. ನಾನು ಮಾಡುವಂತೆಯೇ. ಆ ಕೋಣೆಯಲ್ಲಿ ಒಂದು ಸಲ ನೋಡಿದ್ದನ್ನು ಅವರು ಮರೆತಿರಲಿಲ್ಲ. ಎರಡೂ ಒಂದೇ ಆಗಿದ್ದವು.

"ಇದನ್ನ ಮಾಡಿದ್ದು ನನ್ನ ಚಿಕ್ಕ ಮಗ," ಎಂದು ಅವರು ಹೋಟೆಲಿನವಳಿಗೆ ಹೇಳಿದರು. ಅವಳಿಗೆ ಗೊತ್ತಿತ್ತು. ಆದರೂ ಮೊದಲ ಸಲ ಕೇಳುವವಳಂತೆ ಕೇಳಿಸಿಕೊಂಡಳು. ಒಳ್ಳೆಯವಳು.

"ಬಂದವರೆಲ್ಲ ಈ ಬಣ್ಣಾನೇ ಕೇಳ್ತಾರಮ್ಮ. ಒಂದು ಚೂರೂ ಮಾಸಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ವರ್ಷದಿಂದ ಅವರು ನನ್ನ ಮುಖವನ್ನು ಅಷ್ಟು ನೇರವಾಗಿ ನೋಡಿರಲಿಲ್ಲ. ಕಣ್ಣು ತುಂಬಿತ್ತು, ಜೊತೆಗೆ ಗೆದ್ದವರ ನಗು.

"ಏನೇ ಹುಡುಗಿ, ಓಡಿಹೋಗುತ್ತೆ ಅಂದಿದ್ಯಲ್ಲ. ಎಲ್ಲಿಗೆ ಹೋಯ್ತು ಹೇಳು?"

ಭಾವ ಕಿಟಕಿಯಾಚೆ ನದಿಯನ್ನು ನೋಡತೊಡಗಿದರು. ಅಕ್ಕನಿಗೆ ಸಂಗತಿ ಗೊತ್ತಿತ್ತೋ ಇಲ್ಲವೋ, ಕರವಸ್ತ್ರ ಹುಡುಕಲು ಚೀಲಕ್ಕೆ ಕೈ ಹಾಕಿದರು.

"ಎಲ್ಲಿಗೂ ಹೋಗಿಲ್ಲ ಅತ್ತೆ."

"ಹಾಗಾದ್ರೆ ನಿನ್ನ ದೀಪ ಹೇಳಿದ್ದು ತಪ್ಪು?"

ಒಂದು ವಾಕ್ಯ ಸಾಕಾಗಿತ್ತು. ಅದು ನನ್ನ ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಇದು ಅವನದಲ್ಲ, ಅವನದು ನಿಜವಾಗಿಯೂ ನಿಲ್ಲುತ್ತಿರಲಿಲ್ಲ, ಇದಕ್ಕಿಂತ ನೂರು ಪಾಲು ಚೆನ್ನಾಗಿತ್ತು. ಅತ್ತೆಯ ಕೈ ಇನ್ನೂ ಬಟ್ಟೆಯ ಮೇಲೆಯೇ ಇತ್ತು, ಮಲಗಿದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ.

"ಹೌದು ಅತ್ತೆ. ತಪ್ಪು ಹೇಳಿತ್ತು."

"ಹೂಂ." ಅವರು ಹೋಟೆಲಿನವಳ ಕಡೆ ನೋಡಿ, ನನ್ನ ಭುಜ ತಟ್ಟಿದರು. "ನನ್ನ ಸೊಸೆ. ತುಂಬ ಓದಿದಾಳೆ. ಇವಳೇ ಹೇಳಿದ್ಲು, ಇದು ನಿಲ್ಲಲ್ಲ ಅಂತ. ಕಟ್ಟಿಕೊಂಡ ಗಂಡನ ಬಣ್ಣಕ್ಕೇ. ಹೋಗ್ಲಿ ಬಿಡಮ್ಮ, ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಓದಿದವರೂ ಒಂದೊಂದು ಸಲ ತಪ್ತಾರೆ."

ಹೋಟೆಲಿನವಳು ನನ್ನನ್ನು ನೋಡಿ ಕನಿಕರದಿಂದ ನಕ್ಕಳು. ನಾನೂ ನಕ್ಕೆ. ಊಟಕ್ಕೆ ಕೂರುವಾಗ ಅತ್ತೆ ನನ್ನನ್ನು ಕರೆದು ತಮ್ಮ ಪಕ್ಕದಲ್ಲಿ, ಮಗ ಕೂರುತ್ತಿದ್ದ ಬದಿಯಲ್ಲಿ, ಕೂರಿಸಿಕೊಂಡರು. ತಮ್ಮ ತಟ್ಟೆಯಿಂದ ತೆಗೆದು ನನಗೆ ಬಡಿಸಿದರು. ತಿನ್ನು, ಎಷ್ಟು ಇಳಿದುಹೋಗಿದ್ದೀಯ ಎಂದರು. ಆ ಮನೆಯಲ್ಲಿ ನನ್ನನ್ನು ಕ್ಷಮಿಸಿದ್ದು ಆವತ್ತು.